ಮಿಲಿಟರಿ ಸ್ಟೇಷನ್ನಿನ ಪರಿಸರದ ಕೆಲಸ ಹೆಗಲಿಗೆ ಬಿದ್ದಿದೆ, ಎಲ್ಲಿಂದ ಶುರು ಮಾಡಲಿ?

ಹಾಸನದಿಂದ ಉತ್ತರಕ್ಕೆ:

ಎಲ್ಲರಿಗೂ ನಮಸ್ಕಾರ. ನಾನು ಎಂಇಎಸ್‌ನಲ್ಲಿ ಜೂನಿಯರ್ ಎಂಜಿನಿಯರ್. ಸೇನೆಯ ಕಟ್ಟಡ, ನೀರು, ಕರೆಂಟು ನೋಡಿಕೊಳ್ಳೋ ಇಲಾಖೆ ಅದು. ಯೂನಿಫಾರ್ಮ್ ಇಲ್ಲ, ಪರೀಕ್ಷೆ ಬರೆದು ಸೇರಿದ ಸಿವಿಲಿಯನ್. ಉತ್ತರ ಭಾರತದ ಒಂದು ಸ್ಟೇಷನ್ನಿಗೆ ಬಂದು ಹದಿನಾಲ್ಕು ತಿಂಗಳಾಯ್ತು.

ಹೋದ ವಾರ ಕರೆದು, ಇನ್ಮೇಲೆ ಪರಿಸರದ ಫೈಲು ನಿಮ್ಮದು, ಮುಂದಿನ ಮೂರು ವರ್ಷಕ್ಕೆ ಒಂದು ಯೋಜನೆ ಬರೆದುಕೊಡಿ ಅಂದರು. ಕೊಳಚೆ ನೀರು, ಕಸ, ಆಸ್ಪತ್ರೆಯ ಕಸ, ವಾಹನಗಳ ಹಳೇ ಎಣ್ಣೆ, ಗಿಡ, ಎಲ್ಲ ಅದರಲ್ಲಿ ಬರಬೇಕಂತೆ. ಫೈಲು ತೆಗೆದು ನೋಡಿದೆ. ಜಾಸ್ತಿ ಇರೋದು ಜೂನ್ 5ರ ಪರಿಸರ ದಿನದ ಫೋಟೊಗಳೇ. ಐದು ವರ್ಷದ ಫೋಟೊಗಳಲ್ಲಿ ಗಿಡ ನೆಡುತ್ತಿರುವ ಅಧಿಕಾರಿಗಳು ಬೇರೆ ಬೇರೆ, ಆದರೆ ಹಿಂದೆ ಕಾಣುವ ನೀರಿನ ಟ್ಯಾಂಕು ಒಂದೇ. ಸಂಜೆ ಆ ಜಾಗಕ್ಕೆ ನಡೆದುಕೊಂಡು ಹೋದೆ. ಎರಡು ಬೇವಿನ ಮರ ಇದ್ದವು. ಉಳಿದದ್ದು ಖಾಲಿ ನೆಲ. ಒಂದೇ ಗುಂಡಿಯಲ್ಲಿ ಮತ್ತೆ ಮತ್ತೆ ನೆಟ್ಟಿದ್ದಾರೆ ಅನ್ನಿಸಿತು. ಮನಸ್ಸಿಗೆ ಬೇಜಾರಾಯ್ತು.

ನೆಟ್ಟವರು ಸುಮ್ನೆ ನೆಟ್ಟಿದ್ದಾರೆ ಅಂತ ನಾನು ಹೇಳಲ್ಲ. ಎಲ್ಲರಿಗೂ ಮನಸ್ಸಿತ್ತು. ಹಾಗಿದ್ದೂ ಯಾಕೆ ಹೀಗಾಗುತ್ತೆ? ಇಲ್ಲಿ ಸೇನೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಧಾರವಾಡದ ನಿವೃತ್ತ:

ತಂಗೀ, ನಾನೂ ಅದೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ನಿನ್ನ ಪ್ರಶ್ನೆಗೆ ಉತ್ತರ ಒಂದೇ ಪದ, ಪೋಸ್ಟಿಂಗ್. ಅಧಿಕಾರಿ ಬಂದು ಊರು ಅರ್ಥ ಮಾಡಿಕೊಳ್ಳೋಕೆ ಆರು ತಿಂಗಳು. ಒಂದು ಕೆಲಸ ಮಂಜೂರು ಮಾಡಿಸೋಕೆ ಒಂದು ವರ್ಷ. ಕೆಲಸ ಶುರುವಾಗುವ ಹೊತ್ತಿಗೆ ಅವರ ಪೆಟ್ಟಿಗೆ ಕಟ್ಟೋ ದಿನ ಬಂದಿರುತ್ತೆ. ಬೇವಿನ ಗಿಡ ನೆಲದಲ್ಲಿ ಬೇರು ಬಿಡೋಕೆ ಮೂರು ಬೇಸಿಗೆ ದಾಟಬೇಕು, ನೆಟ್ಟವರು ಎರಡನೇ ಬೇಸಿಗೆಗೆ ಅಲ್ಲಿರೋದಿಲ್ಲ. ದುಡ್ಡಿನ ಕೊರತೆಯೂ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ನಾನು ಕಂಡ ಹಾಗೆ ಹೆಚ್ಚು ಕೆಲಸ ಹಾಳಾಗಿದ್ದು ಈ ಕೈ ಬದಲಾಗುವ ಹೊತ್ತಿನಲ್ಲಿ.

ಅದಕ್ಕೇ ಹೇಳ್ತೀನಿ, ಯೋಜನೆ ಬರೆಯೋಕೆ ಮೊದಲು ನಿನ್ನ ಸ್ಟೇಷನ್ನಿನಲ್ಲಿ ಪೋಸ್ಟಿಂಗ್ ಇಲ್ಲದ ಮನುಷ್ಯ ಯಾರು ಅಂತ ಹುಡುಕು. ಇದ್ದೇ ಇರ್ತಾನೆ.

ನಾನಿದ್ದ ಒಂದು ಸ್ಟೇಷನ್ನಿನ ಕಥೆ ಹೇಳ್ತೀನಿ, ಊರಿನ ಹೆಸರು ಬೇಡ. ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಹೊಸದು. ಆದರೂ ಪ್ರತಿ ವರ್ಷ ಎರಡು ಸಲ ಕೆಟ್ಟ ವಾಸನೆ, ಕಪ್ಪು ನೀರು. ಕಂಪನಿಯವರು ಬಂದು ಬ್ಲೋವರ್ ನೋಡಿದರು, ಪಂಪ್ ಬದಲಾಯಿಸಿದರು, ಏನೂ ಆಗಲಿಲ್ಲ. ಅಲ್ಲಿ ಗುತ್ತಿಗೆಯ ಆಪರೇಟರ್ ಒಬ್ಬ ಇದ್ದ, ಪಕ್ಕದ ಹಳ್ಳಿಯವನು, ಗುತ್ತಿಗೆದಾರ ಬದಲಾದರೂ ಇವನು ಬದಲಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗಾಳಿ ಊದೋ ತೊಟ್ಟಿಯಿಂದ ಒಂದು ಲೀಟರ್ ಗಾಜಿನ ಜಾಡಿಗೆ ನೀರು ತುಂಬಿಸಿ ಅರ್ಧ ಗಂಟೆ ಇಡುತ್ತಿದ್ದ. ಕೆಳಗೆ ಕೂರುವ ಕೆಸರು ಎಷ್ಟು ಗೆರೆ ಬಂತು ಅಂತ ನೋಡಿ ಪಂಪ್ ರೂಮಿನ ಗೋಡೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದ. ಒಳ್ಳೇ ದಿನ 300 ಮಿಲಿ ಹತ್ತಿರ, ಬಣ್ಣ ಚಾಕೊಲೇಟ್ ಥರ, ವಾಸನೆ ಮಳೆ ಬಿದ್ದ ಮಣ್ಣಿನ ಥರ. ಕೆಟ್ಟ ದಿನ 60, 50.

ನಾನು ಆ ಗೋಡೆಯ ಅಂಕಿ ನೋಡಿ, ಪಕ್ಕದಲ್ಲೇ ಯೂನಿಟ್‌ಗಳು ಎಕ್ಸರ್‌ಸೈಜಿಗೆ, ಅಂದ್ರೆ ಯುದ್ಧಾಭ್ಯಾಸಕ್ಕೆ, ಹೋದ ತಾರೀಕು ಇಟ್ಟು ನೋಡಿದೆ. ಕಥೆ ಅಲ್ಲೇ ಇತ್ತು. ಸ್ಟೇಷನ್ನಿನ ಅರ್ಧಕ್ಕರ್ಧ ಜನ ಎರಡು ತಿಂಗಳು ಹೊರಗೆ ಹೋದರೆ ಕೊಳಚೆ ಕಡಿಮೆ, ತೊಟ್ಟಿಯೊಳಗಿನ ಸೂಕ್ಷ್ಮಜೀವಿಗಳಿಗೆ ಊಟ ಇಲ್ಲ, ಸಾಯುತ್ತವೆ. ಎಲ್ಲರೂ ಒಂದೇ ದಿನ ವಾಪಸ್ ಬಂದು ಲಂಗರ್‌ಗಳ, ಅಂದ್ರೆ ಜವಾನರ ಅಡುಗೆಮನೆಗಳ, ಒಲೆಯೆಲ್ಲ ಒಟ್ಟಿಗೆ ಹೊತ್ತಿದರೆ ಅಷ್ಟು ಕೊಳಚೆ ತಿನ್ನೋಕೆ ಅಲ್ಲಿ ಯಾರೂ ಉಳಿದಿರೋದಿಲ್ಲ. ಊರಿನ ಎಸ್‌ಟಿಪಿಗೆ ಈ ಸಮಸ್ಯೆ ಇರೋದಿಲ್ಲ, ಊರು ಒಟ್ಟಿಗೆ ಎದ್ದು ಹೋಗೋದಿಲ್ಲ ಅಲ್ವಾ? ಆಮೇಲೆ ಎರಡು ಸಾಲಿನ ತೊಟ್ಟಿಯಲ್ಲಿ ಒಂದನ್ನು ನಿಲ್ಲಿಸಿ, ಇದ್ದ ಊಟ ಒಂದೇ ಸಾಲಿಗೆ ಕೊಟ್ಟೆವು. ಯೂನಿಟ್ ವಾಪಸ್ ಬರೋ ಹತ್ತು ದಿನ ಮೊದಲು ನಮಗೆ ಹೇಳಬೇಕು ಅಂತ ಆರ್ಡರ್ ಮಾಡಿಸಿದೆವು. ಒಂದು ರೂಪಾಯಿ ಜಾಸ್ತಿ ಖರ್ಚಾಗಲಿಲ್ಲ.

ಆ ಗೋಡೆಗೆ ಆಮೇಲೆ ಯಾರೋ ಇನ್‌ಸ್ಪೆಕ್ಷನ್ ಅಂತ ಸುಣ್ಣ ಹೊಡೆಸಿಬಿಟ್ಟರು. ಇವತ್ತಿಗೂ ನನಗೆ ಅದು ಸಂಕಟ. ನಾನೇ ಮೊದಲು ಅದನ್ನು ಪುಸ್ತಕಕ್ಕೆ ಇಳಿಸಬೇಕಿತ್ತು.

ಕೊಡಗಿನ ಫೌಜಿ:

ಸರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಇಪ್ಪತ್ನಾಲ್ಕು ವರ್ಷ ಸರ್ವಿಸ್ ಮಾಡಿ ಸುಬೇದಾರ್ ಆಗಿ ಬಂದವನು, ಈಗ ಸೋಮವಾರಪೇಟೆ ಹತ್ತಿರ ಕಾಫಿ ನೋಡಿಕೊಂಡಿದ್ದೇನೆ.

ಮೇಡಂ, ಸೇನೆಯಲ್ಲೇ ಈ ಪೋಸ್ಟಿಂಗ್ ಸಮಸ್ಯೆಗೆ ಒಂದು ದಾರಿ ಕಂಡುಕೊಂಡಿದ್ದಾರೆ. ಟೆರಿಟೋರಿಯಲ್ ಆರ್ಮಿ ಅನ್ನೋ ಸೇನೆಯ ಅರೆಕಾಲಿಕ ಪಡೆಯ ಇಕಾಲಜಿಕಲ್ ಬೆಟಾಲಿಯನ್‌ಗಳು, ಅಂದ್ರೆ ಪರಿಸರದ ಕೆಲಸಕ್ಕೇ ಇರುವ ತುಕಡಿಗಳು. ಮೊದಲನೆಯದು 127, ಗಢ್ವಾಲ್ ರೈಫಲ್ಸ್‌ನದು, 1982ರ ಡಿಸೆಂಬರಿನಲ್ಲಿ ಶುರುವಾಯ್ತು. ಆಗ ಡೆಹ್ರಾಡೂನ್ ಮೇಲಿನ ಮಸ್ಸೂರಿ ಬೆಟ್ಟಗಳಲ್ಲಿ ಸುಣ್ಣದ ಕಲ್ಲು ತೆಗೆದು ತೆಗೆದು ಬೆಟ್ಟ ಬೋಳಾಗಿತ್ತು. ಆ ಗಣಿಗಳ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಎಷ್ಟೋ ಗಣಿ ಮುಚ್ಚಿಸಿದರು. ಮಸ್ಸೂರಿಯ ಆ ಬೋಳು ಬೆಟ್ಟಗಳಿಗೆ ಮತ್ತೆ ಮರ ಬರಿಸಿದವರು ಈ ಬೆಟಾಲಿಯನ್ನಿನ ಜನ. ನಾನು ಡೆಹ್ರಾಡೂನಿನಲ್ಲಿ ಇದ್ದಾಗ ರಜೆ ದಿನ ಆ ದಾರಿಯಲ್ಲಿ ಹೋಗಿದ್ದೇನೆ. ಗಣಿ ಇದ್ದ ಜಾಗ ಅಂತ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗಬೇಕು, ಅಷ್ಟು ಹಸಿರು.

ಗುಟ್ಟು ಏನು ಅಂದ್ರೆ, ಜವಾನರಲ್ಲಿ ಹೆಚ್ಚಿನವರು ಅದೇ ಸೀಮೆಯ ರಿಟೈರ್ಡ್ ಸೈನಿಕರು. ಅವರ ಮನೆ ಅಲ್ಲೇ, ಕೆರೆ ತೊರೆ ಅಲ್ಲೇ, ಬೆಟ್ಟ ಜಾರಿದರೆ ಅವರ ಗದ್ದೆ ಮೇಲೇ ಬೀಳೋದು. ಪೋಸ್ಟಿಂಗ್ ಅಂತ ಬೇರೆ ಕಡೆ ಹೋಗೋದಿಲ್ಲ. ಗಿಡ ಮತ್ತು ಜಾಗ ಅರಣ್ಯ ಇಲಾಖೆಯದು, ಶಿಸ್ತು ಸೇನೆಯದು, ಖರ್ಚು ಕೇಂದ್ರದ ಪರಿಸರ ಸಚಿವಾಲಯ ಅಥವಾ ಆಯಾ ರಾಜ್ಯದ್ದು. ನೆಟ್ಟು ಕೆಲವು ವರ್ಷ ಕಾವಲು ಕಾದು, ಬದುಕಿದ ಕಾಡನ್ನು ಅರಣ್ಯ ಇಲಾಖೆಗೆ ಒಪ್ಪಿಸುತ್ತಾರೆ. ಮುಂದಿನ ವರ್ಷ ರಾಜಸ್ಥಾನದ ಮರುಭೂಮಿಗೆ 128 ಬಂತು, ಇಂದಿರಾ ಗಾಂಧಿ ಕಾಲುವೆ ಮರಳಲ್ಲಿ ಮುಚ್ಚಿಹೋಗದ ಹಾಗೆ ಮರ ಬೆಳೆಸೋಕೆ. ದೆಹಲಿಯ ಭಾಟಿ ಗಣಿಗಳಿಗೆ 2000ದಲ್ಲಿ 132. ನೀರಿಲ್ಲದ ಮರಾಠವಾಡಕ್ಕೆ 2017ರಲ್ಲಿ ಮಹಾರ್ ರೆಜಿಮೆಂಟಿನ 136. ಗಂಗಾ ನದಿಗೂ ಒಂದು ಇದೆ.

ನಮ್ಮ ಕರ್ನಾಟಕಕ್ಕೆ ಇಂಥ ಬೆಟಾಲಿಯನ್ ಇಲ್ಲ. ಕೊಡಗಿನಲ್ಲಿ ಮನೆಗೊಬ್ಬರು ಸೈನ್ಯದಲ್ಲಿದ್ದು ಬಂದವರಿದ್ದಾರೆ. 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದಾಗ ನೋಡಿದೆವಲ್ಲ, ರಿಟೈರ್ಡ್ ಹುಡುಗರೇ ಮೊದಲು ಹಗ್ಗ ಹಿಡಿದು ಇಳಿದದ್ದು. ನಮಗೊಂದು ಕೊಟ್ಟರೆ ನಾನು ಇವತ್ತೇ ಹೆಸರು ಬರೆಸ್ತೀನಿ, ಮಂಡಿ ನೋವಿದ್ದರೂ.

ಹಾಸನದಿಂದ ಉತ್ತರಕ್ಕೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಯೂನಿಟ್ ಹೊರಗೆ ಹೋಗೋದು ಎಸ್‌ಟಿಪಿಗೆ ಸಂಬಂಧ ಅಂತ ನನಗೆ ಹೊಳೆದೇ ಇರಲಿಲ್ಲ. ನಾಳೆ ನಮ್ಮ ಆಪರೇಟರ್ ಹತ್ತಿರ ಕೂತು ಮಾತಾಡ್ತೀನಿ.

ಇನ್ನೊಂದು ಪ್ರಶ್ನೆ. ನಮ್ಮ ಫೈರಿಂಗ್ ರೇಂಜ್ ಹತ್ತಿರ ದೊಡ್ಡ ಬಯಲಿದೆ, ಬರೀ ಹುಲ್ಲು, ಮುಳ್ಳು ಪೊದೆ. ಅಲ್ಲಿ ಹತ್ತು ಸಾವಿರ ಗಿಡ ನೆಡಬೇಕು ಅಂತ ಒಂದು ಸಲಹೆ ಬಂದಿದೆ. ಯೋಜನೆಗೆ ಸೇರಿಸಲಾ?

ಚಳ್ಳಕೆರೆ ಸೀಮೆಯವ:

ಅಕ್ಕಾ, ದಯವಿಟ್ಟು ಬೇಡ. ಬಯಲು ಅಂದ್ರೆ ಖಾಲಿ ಅಲ್ಲ. ಮೊದಲು ಒಂದು ವರ್ಷ ಅಲ್ಲಿ ಯಾವ ಹಕ್ಕಿ ಮೊಟ್ಟೆ ಇಡುತ್ತೆ, ಯಾವ ಪ್ರಾಣಿ ಓಡಾಡುತ್ತೆ ನೋಡಿ.

ನಾನು ಹುಲ್ಲುಗಾವಲಿನ ಅಂಚಲ್ಲಿ ಬೆಳೆದವನು. ನಮ್ಮ ಕಡೆ ಅದಕ್ಕೆ ಕಾವಲು ಅಂತಾರೆ. ಈ ಚರ್ಚೆಗೂ ಕಾವಲಿಗೂ ನೇರ ಸಂಬಂಧ ಇದೆ, ಯಾಕಂದ್ರೆ ಅಮೃತ ಮಹಲ್ ಕಾವಲು ಹುಟ್ಟಿ ಬೆಳೆದದ್ದೇ ಸೈನ್ಯಕ್ಕಾಗಿ. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅದು ಬೆಣ್ಣೆ ಚಾವಡಿ, ಅರಮನೆಗೆ ಹಾಲು ಬೆಣ್ಣೆ ಕೊಡುವ ಹಟ್ಟಿ. ಹೈದರಾಲಿ ಅದನ್ನು ಫಿರಂಗಿ, ಸಾಮಾನು ಎಳೆಯುವ ಎತ್ತಿಗಾಗಿ ಬೆಳೆಸಿದ. ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟು, ಇಲಾಖೆ ಹೇಗೆ ನಡೀಬೇಕು ಅಂತ ನಿಯಮ ಬರೆಸಿದ. ಕಾವಲುಗಳಲ್ಲಿ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ಹುಲ್ಲು ಚಿಗುರುವ ಹೊತ್ತು ನೋಡಿ ದನ ಒಂದರಿಂದ ಇನ್ನೊಂದಕ್ಕೆ ಹೋಗಬೇಕು, ಬಿಟ್ಟ ಕಾವಲು ಸುಧಾರಿಸಿಕೊಳ್ಳಬೇಕು. ಇದಕ್ಕಿಂತ ಒಳ್ಳೇ ಪರಿಸರ ಯೋಜನೆ ನನಗೆ ಗೊತ್ತಿಲ್ಲ.

1799ರಲ್ಲಿ ಟಿಪ್ಪು ಸೋತು ಸತ್ತ, ಆಮೇಲೆ ಇಲಾಖೆ ಬ್ರಿಟಿಷರ ಕೈಗೆ ಹೋಯಿತು. ಅವರ ಅಧಿಕಾರಿಗಳೂ ಟಿಪ್ಪುವಿನ ನಿಯಮಗಳಲ್ಲಿ ಮುಖ್ಯವಾದವನ್ನು ಹಾಗೇ ಇಟ್ಟುಕೊಂಡರು. ದೊರೆ ಬದಲಾದ, ಧ್ವಜ ಬದಲಾಯಿತು, ನಿಯಮ ಉಳಿಯಿತು. 1860ರಲ್ಲಿ ಖರ್ಚು ಉಳಿಸೋಕೆ ಇಲಾಖೆಯನ್ನೇ ಮುಚ್ಚಿ ದನ ಮಾರಿಬಿಟ್ಟರು. ಆಮೇಲೆ ಸೈನ್ಯಕ್ಕೆ ಒಳ್ಳೇ ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಬೇಕಾಯಿತು. ಆರು ವರ್ಷ ಕೈಬಿಟ್ಟದ್ದನ್ನು ಕೂಡಿಸೋಕೆ ಎಷ್ಟು ಕಷ್ಟ ಪಟ್ಟಿರಬೇಕು ಯೋಚನೆ ಮಾಡಿ.

ಈಗ ಆ ಕಾವಲುಗಳಲ್ಲಿ ಉಳಿದಿರೋದು ಚೂರು ಪಾರು. ನಮ್ಮ ತಾಲ್ಲೂಕಿನ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದದ್ದು ಎಲ್ಲರಿಗೂ ಗೊತ್ತು, ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ದೇಶಕ್ಕೆ ವಿಮಾನ ಪರೀಕ್ಷೆ ಮಾಡೋ ಜಾಗ ಬೇಕು, ನಾನು ಅದನ್ನು ವಿರೋಧಿಸಲ್ಲ. ಬೇಲಿ ಒಳಗೆ ಉಳಿದ ಹುಲ್ಲನ್ನು ಹುಲ್ಲಾಗಿಯೇ ಉಳಿಸಲಿ ಅನ್ನೋದು ನನ್ನ ಮಾತು. ನಮ್ಮ ಹತ್ತಿರದ ಒಂದು ಕಾವಲಿನಲ್ಲಿ ಹಿಂದೆ ಯಾರೋ ಹಸಿರು ಮಾಡ್ತೀವಿ ಅಂತ ನೀಲಗಿರಿ ಹಾಕಿದರು. ನಮ್ಮ ತಾತ ಹೇಳುತ್ತಿದ್ದರು, ಮರ ಬಂತು, ಕೃಷ್ಣಮೃಗ ಹೋಯಿತು, ಕರಡದ ಹುಲ್ಲು ಹೋಯಿತು, ಎರೆಬೂತ ಕೂಗೋದು ನಿಂತಿತು ಅಂತ. ಎರೆಬೂತದಂಥ ಹಕ್ಕಿಗೆ ದೂರ ಕಾಣೋ ಬಯಲು ಬೇಕು. ಮರ ನೆಟ್ಟರೆ ಅದಕ್ಕೆ ಮನೆಗೆ ಗೋಡೆ ಕಟ್ಟಿದ ಹಾಗೆ.

ಧಾರವಾಡದ ನಿವೃತ್ತ:

ಚಳ್ಳಕೆರೆ ತಮ್ಮ ಹೇಳಿದ್ದು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಹೌದು. ರೇಂಜಿನ ಬಯಲು ಎಷ್ಟೋ ಕಡೆ ಊರಿನ ಸುತ್ತ ಉಳಿದಿರೋ ಕೊನೇ ಹುಲ್ಲುಗಾವಲು. ಜನ ಒಳಗೆ ಬರೋದಿಲ್ಲ, ಮನೆ ಕಟ್ಟೋದಿಲ್ಲ, ಅದಕ್ಕೇ ಉಳಿದಿದೆ. ತಂಗೀ, ಹತ್ತು ಸಾವಿರ ಗಿಡ ಅನ್ನೋ ಸಂಖ್ಯೆಗೆ ಮರುಳಾಗಬೇಡ. ಬದುಕಿದ ಇನ್ನೂರು ಮರ ಕ್ವಾರ್ಟರ್ಸ್ ರಸ್ತೆಯಲ್ಲಿ ನೆರಳು ಕೊಟ್ಟರೆ ಸಾಕು. ರೇಂಜಿಗೆ ಬೇಸಿಗೆಗೆ ಮೊದಲು, ಬೆಂಕಿ ಹರಡದ ಹಾಗೆ ಹುಲ್ಲು ತೆಗೆಸಿ ಬೆಂಕಿ ಗೆರೆ ಹೊಡೆಸು, ಅಷ್ಟು ಮಾಡು.

ವಕೀಲಿ ಓದು:

ನಾನು ಬೆಂಗಳೂರಿನಲ್ಲಿ ಪರಿಸರ ಕಾನೂನು ನೋಡ್ತೀನಿ. ಮೇಡಂಗೆ ಕೆಲಸಕ್ಕೆ ಬರುತ್ತೆ ಅಂತ ಎರಡು ಮಾತು.

ಸೇನೆಗೆ ಕಾನೂನು ಅನ್ವಯ ಆಗಲ್ಲ ಅನ್ನೋದು ತಪ್ಪು ತಿಳುವಳಿಕೆ. ಆಸ್ಪತ್ರೆ ಕಸದ 2016ರ ನಿಯಮಗಳು ಮಿಲಿಟರಿ ಆಸ್ಪತ್ರೆಗೂ ಪೂರ್ತಿ ಅನ್ವಯ. ಕಸ ಬೇರೆ ಮಾಡುವ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣದ ಡಬ್ಬಿ, ಚೀಲ, ಎಲ್ಲ ಅಲ್ಲೂ ಬೇಕು. ವ್ಯತ್ಯಾಸ ಇರೋದು ಉಸ್ತುವಾರಿಯಲ್ಲಿ. ಬೇರೆ ಆಸ್ಪತ್ರೆಗಳನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ನೋಡಿದರೆ, ರಕ್ಷಣಾ ಸಚಿವಾಲಯದ ಆಸ್ಪತ್ರೆಗಳಿಗೆ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕರೇ ಅಧಿಕಾರಿ. ಅಂದ್ರೆ ಮನೆಯವರೇ ಮನೆ ಲೆಕ್ಕ ನೋಡಬೇಕು. ಅದೇ ಥರ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತೆ ಅಂತ ಮೊದಲೇ ಅಂದಾಜು ಮಾಡಿಸುವ 2006ರ ಇಐಎ ಅಧಿಸೂಚನೆಯಲ್ಲಿ ದೇಶದ ರಕ್ಷಣೆಗೆ ಸಂಬಂಧಿಸಿದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ. 2023ರ ಅರಣ್ಯ ಕಾಯ್ದೆ ತಿದ್ದುಪಡಿ ಗಡಿಯಿಂದ 100 ಕಿಲೋಮೀಟರ್ ಒಳಗಿನ ರಸ್ತೆಯಂಥ ಆಯಕಟ್ಟಿನ ಯೋಜನೆಗಳಿಗೆ ವಿನಾಯಿತಿ ಕೊಟ್ಟಿದೆ.

ಗುಟ್ಟು ಕಾಯಬೇಕಾದ ವಿಷಯ ಇರುತ್ತೆ, ಒಪ್ಪುತ್ತೀನಿ. ಆದರೆ ಹೊರಗಿನವರು ಪ್ರಶ್ನೆ ಕೇಳೋ ಬಾಗಿಲು ಚಿಕ್ಕದಾದಷ್ಟೂ ಒಳಗೆ ಕೂತು ಲೆಕ್ಕ ಬರೆಯುವವರ ಜವಾಬ್ದಾರಿ ದೊಡ್ಡದಾಗುತ್ತೆ. ನಿಮ್ಮಂಥವರದ್ದು ಬರೀ ಹೆಚ್ಚುವರಿ ಡ್ಯೂಟಿ ಅಂತ ನನಗೆ ಅನ್ನಿಸಲ್ಲ ಮೇಡಂ.

ಬೆಳ್ಳಂದೂರು ನಿವಾಸಿ:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. 2018ರ ಜನವರಿ 19ರಂದು ನಮ್ಮ ಕೆರೆಗೆ ಬೆಂಕಿ ಬಿದ್ದಾಗ ಸೇನೆಯ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಸೆಂಟರಿನಿಂದ ಸುಮಾರು 5 ಸಾವಿರ ಯೋಧರು ಬಂದು ಆರಿಸಿದರು. ನಮ್ಮ ಟೆರೇಸಿನಿಂದ ಹೊಗೆ ಮಾತ್ರ ಕಾಣುತ್ತಿತ್ತು. ಅವರು ಒಣ ಹುಲ್ಲಿನ ನಡುವೆ ನಿಂತು ಕೆಲಸ ಮಾಡಿದ್ದು ಮರುದಿನ ಪೇಪರಿನಲ್ಲಿ ನೋಡಿದ್ದು. ಅವತ್ತಿನಿಂದ ಸೇನೆ ಮತ್ತು ಪರಿಸರ ಅಂದ್ರೆ ನನಗೆ ಅದೇ ನೆನಪು. ಆದರೆ ಕೆರೆಗೆ ಬೆಂಕಿ ಬೀಳೋ ಸ್ಥಿತಿಗೆ ತಂದದ್ದು ಊರಿನವರಾದ ನಾವು, ನಮ್ಮ ಕೊಳಚೆ ನೀರು.

ಕೊಡಗಿನ ಫೌಜಿ:

ಕಸದ ವಿಷಯ ಬಂತಲ್ಲ, ಸಿಯಾಚಿನ್ ಬಗ್ಗೆ ಹೇಳಲೇಬೇಕು. 1984ರಿಂದ ನಮ್ಮವರು ಅಲ್ಲಿದ್ದಾರೆ. ಅಲ್ಲಿ ಏನೂ ಕೊಳೆಯೋದಿಲ್ಲ. ಟಿನ್ನು, ಜೆರ್ರಿಕ್ಯಾನು, ಪ್ಯಾರಾಚೂಟ್ ಬಟ್ಟೆ, ರಟ್ಟಿನ ಪೆಟ್ಟಿಗೆ, ಬಿದ್ದದ್ದು ಬಿದ್ದ ಹಾಗೇ ಹಿಮದ ಬಿರುಕಿನೊಳಗೆ. ಅದು ಕರಗಿದರೆ ನುಬ್ರಾ, ಶ್ಯೋಕ್, ಆಮೇಲೆ ಸಿಂಧೂ ನದಿ. ನಾನಿದ್ದ ಪೋಸ್ಟಿನಲ್ಲಿ ಒಂದು ನಿಯಮ ಮಾಡಿಕೊಂಡಿದ್ದೆವು. ಕೆಳಗೆ ಇಳಿಯುವ ಪ್ರತಿಯೊಬ್ಬನ ಬೆನ್ನಿಗೂ ಒಂದಷ್ಟು ಖಾಲಿ ಟಿನ್ನು. ಆ ಎತ್ತರದಲ್ಲಿ ಒಂದು ಕಿಲೋ ಜಾಸ್ತಿ ಅಂದ್ರೆ ಏನು ಅಂತ ಹೊತ್ತವನಿಗೆ ಗೊತ್ತು, ಹತ್ತು ಹೆಜ್ಜೆಗೆ ಒಮ್ಮೆ ನಿಂತು ಉಸಿರು ತಗೋಬೇಕು. ಯಾರೂ ಗೊಣಗಲಿಲ್ಲ.

ಆಮೇಲೆ 2018ರ ಜನವರಿಯಿಂದ ದೊಡ್ಡ ಮಟ್ಟದಲ್ಲಿ ಕಸ ಇಳಿಸಿದರು. ಒಂದೂವರೆ ವರ್ಷದಲ್ಲಿ ಸುಮಾರು 130 ಟನ್. ಸಿಯಾಚಿನ್ ಬೇಸ್ ಕ್ಯಾಂಪ್ ಹತ್ತಿರದ ಪರ್ತಾಪುರದಲ್ಲಿ ರಟ್ಟನ್ನು ಒತ್ತಿ ಕಟ್ಟುವ ಯಂತ್ರ, ಸುಡೋದನ್ನು ಸುಡೋಕೆ ಒಲೆ ಇಟ್ಟರು. ಪೇಪರಿನಲ್ಲಿ ಓದಿದಾಗ ನಮ್ಮ ಹೆಂಡತಿಗೆ ತೋರಿಸಿ, ಇದರಲ್ಲಿ ನಾನು ಹೊತ್ತದ್ದು ಇಲ್ಲ, ನಾನು ಅದಕ್ಕೂ ಮೊದಲೇ ಹೊತ್ತೆ ಅಂದೆ.

ಧಾರವಾಡದ ನಿವೃತ್ತ:

ಸುಬೇದಾರ್ ಸಾಬ್, ನಮಸ್ಕಾರ ನಿಮಗೆ. ಸಿಯಾಚಿನ್ ಅಂದ ಮೇಲೆ ಇನ್ನೊಂದು. ಅಂಥ ಚಳಿಯಲ್ಲೂ ಮಲ ಕೊಳೆಯೋ ಹಾಗೆ ಮಾಡೋಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಮತ್ತು ತೇಜ್‌ಪುರದ ಪ್ರಯೋಗಾಲಯಗಳು ಬ್ಯಾಕ್ಟೀರಿಯಾ ಕೂಡಿಸಿ ಬಯೋ ಟಾಯ್ಲೆಟ್ ಮಾಡಿದವು. ಅದೇ ಇವತ್ತು ನಮ್ಮ ರೈಲಿನ ಡಬ್ಬಿಗಳ ಕೆಳಗೆ ಇರೋದು. ಹುಬ್ಬಳ್ಳಿ ಸ್ಟೇಷನ್ನಿನ ಹಳಿ ಮೊದಲು ಹೇಗಿತ್ತು, ಈಗ ಹೇಗಿದೆ ನೋಡಿದವರಿಗೆ ಗೊತ್ತು.

ತಂಗೀ, ಇದು ನಿನ್ನ ಯೋಜನೆಗೂ ಬೇಕು. ನಿನ್ನ ಸ್ಟೇಷನ್ನಿನ ಗಾರ್ಡ್ ಪೋಸ್ಟುಗಳಲ್ಲಿ ಈ ಟಾಯ್ಲೆಟ್ ಇದ್ದರೆ ಒಳಗೆ ಹೋಗಿ ಮೂಸಿ ನೋಡು. ಫಿನಾಯಿಲ್ ವಾಸನೆ ಬಂದರೆ ಒಳಗಿನ ಬ್ಯಾಕ್ಟೀರಿಯಾ ಸತ್ತಿವೆ ಅಂತಲೇ ಲೆಕ್ಕ. ಇನ್‌ಸ್ಪೆಕ್ಷನ್ ಹಿಂದಿನ ದಿನ ಘಮ್ ಅನ್ನೋ ಹಾಗೆ ಬಾಟ್ಲಿಗಟ್ಟಲೆ ಸುರೀತಾರೆ, ಅಲ್ಲಿಗೆ ಮುಗೀತು. ಸಫಾಯಿವಾಲಾ ತಪ್ಪಲ್ಲ ಅದು, ಅವನಿಗೆ ಯಾರೂ ಹೇಳಿರೋದಿಲ್ಲ. ಹಿಂದಿಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡ್ ಹಾಕಿಸು. ಕುಕ್ ಹೌಸಿನ ಜಿಡ್ಡಿನ ತೊಟ್ಟಿ ವಾರಕ್ಕೊಮ್ಮೆ ತೆಗೆಸಬೇಕು, ಅದಕ್ಕೂ ಒಂದು ಬೋರ್ಡ್. ಯೋಜನೆಯ ಮೊದಲ ವರ್ಷ ಇಷ್ಟೇ ಇದ್ದರೂ ಸಾಕು. ಎಷ್ಟು ನೀರು ಬಂತು, ಎಷ್ಟು ಎಸ್‌ಟಿಪಿಗೆ ಹೋಯಿತು, ಎಷ್ಟು ಎಣ್ಣೆ ಇಳಿಸಿದರು, ಎಷ್ಟು ಡ್ರಮ್ಮು ಮಾನ್ಯತೆ ಇರುವ ಮರುಬಳಕೆದಾರರಿಗೆ ಕೊಟ್ಟರು. ಪುಸ್ತಕದಲ್ಲಿ. ಹಾಳೆಗೆ ನಂಬರ್ ಹಾಕಿ, ಸೀಲ್ ಹೊಡೆಸಿ. ಒಬ್ಬರು ಹೋಗಿ ಇನ್ನೊಬ್ಬರು ಬರುವಾಗಿನ ಹ್ಯಾಂಡಿಂಗ್ ಟೇಕಿಂಗ್ ಪಟ್ಟಿಯಲ್ಲಿ ಆ ಪುಸ್ತಕದ ಹೆಸರು ಇರಬೇಕು, ಬಂದೂಕು ಎಣಿಸಿ ಒಪ್ಪಿಸೋ ಹಾಗೆ ಅದನ್ನೂ ಒಪ್ಪಿಸಬೇಕು. ಇದೊಂದು ನಿನ್ನ ಕಮಾಂಡರ್ ಹತ್ತಿರ ಸಹಿ ಮಾಡಿಸಿಕೊಂಡುಬಿಡು.

ಹಾಸನದಿಂದ ಉತ್ತರಕ್ಕೆ:

ಹತ್ತು ದಿನ ಆದ ಮೇಲೆ ಬರೀತಿದ್ದೀನಿ.

ನಮ್ಮ ಎಸ್‌ಟಿಪಿ ಆಪರೇಟರ್ ಹತ್ತಿರ ಕೂತೆ. ಒಂಬತ್ತು ವರ್ಷದಿಂದ ಇದ್ದಾರಂತೆ. ಇಲ್ಲಿಗೆ ಬಂದು ಯಾರೂ ಕೂತು ಮಾತಾಡಿಲ್ಲ ಮೇಡಂ ಅಂದರು. ಗೋಡೆಯಲ್ಲಿ ಏನೂ ಬರೆದಿಲ್ಲ, ಆದರೆ ಎಲ್ಲ ಬಾಯಲ್ಲಿದೆ. ಯಾವ ತಿಂಗಳು ನೀರು ಕಪ್ಪಾಗುತ್ತೆ, ಯಾವ ಕುಕ್ ಹೌಸಿನಿಂದ ಜಿಡ್ಡು ಜಾಸ್ತಿ ಬರುತ್ತೆ, ಎಲ್ಲ. ಒಂದು ಲೀಟರಿನ ಜಾಡಿ ಕೊಡಿಸಿದ್ದೀನಿ. ಮೊದಲ ದಿನ 110 ಬಂತು. ಯೂನಿಟ್ ಒಂದು ಹೊರಗೆ ಹೋಗಿ ಮೂರು ವಾರ ಆಗಿದೆ, ಸರ್ ಹೇಳಿದ ಹಾಗೇ.

ರೇಂಜಿನ ಹತ್ತು ಸಾವಿರ ಗಿಡ ಯೋಜನೆಯಲ್ಲಿ ಸೇರಿಸಲಿಲ್ಲ. ಯಾಕೆ ಅಂತ ಕೇಳಿದರು. ಬೆಳಿಗ್ಗೆ ಆರಕ್ಕೆ ಕಮಾಂಡರ್ ಸಾಹೇಬರನ್ನೇ ಆ ಬಯಲಿಗೆ ಕರೆದುಕೊಂಡು ಹೋದೆ. ಟಿಟ್ಟಿಭ ಹಕ್ಕಿಯೊಂದು ನಮ್ಮ ತಲೆ ಮೇಲೇ ಸುತ್ತಿ ಕೂಗಾಡಿತು. ನೆಲದಲ್ಲಿ ನಾಲ್ಕು ಮೊಟ್ಟೆ, ಕಲ್ಲಿನ ಬಣ್ಣದ್ದು, ಅವರ ಬೂಟಿನಿಂದ ಎರಡಡಿ ದೂರ. ಅವರು ಒಂದು ಹೆಜ್ಜೆ ಹಿಂದೆ ಇಟ್ಟು ಸುಮಾರು ಹೊತ್ತು ನೋಡುತ್ತಾ ನಿಂತರು. ಒಂದು ವರ್ಷ ನೋಡೋಣ, ಬರೆದಿಡಿ ಅಂದರು.

ಪುಸ್ತಕ ನಿನ್ನೆ ಸ್ಟೋರಿನಿಂದ ಬಂತು. ಇನ್ನೂರು ಹಾಳೆ. ನಂಬರ್ ಹಾಕ್ತಾ ಇದ್ದೀನಿ. ಧಾರವಾಡದ ಸರ್, ಮೊದಲ ಹಾಳೆಯಲ್ಲಿ ಏನೇನು ಕಾಲಂ ಇರಬೇಕು, ಒಂದು ಸಲ ಬರೆದು ಕಳಿಸ್ತೀರಾ?

ಧಾರವಾಡದ ನಿವೃತ್ತ:

ಕಳಿಸ್ತೀನಿ. ರಾತ್ರಿ ಊಟ ಆದ ಮೇಲೆ ಕೂತು ಬರೀತೀನಿ. ಕಾಲಂಗಳಲ್ಲಿ ಒಂದು ಮಾತ್ರ ಈಗಲೇ ಹೇಳ್ತೀನಿ, ಬರೆದವರ ಹೆಸರು. ಆಪರೇಟರ್ ಹೆಸರು ಅಲ್ಲಿ ಬರಲಿ, ಅವನ ಕೈಯಲ್ಲೇ ಬರೆಸು.